ಎಡಗೈಯ ಊರುಗೋಲು

ಅವನ ನಿಜವಾದ ಹೆಸರು ಕರೆಂಟ್ ಬಿಲ್ಲಿನವನಿಗೆ ಬಿಟ್ಟರೆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಅವಸರಣ್ಣ. ಊಟಕ್ಕೆ ಕೂತರೆ ಒಂದು ಕಾಲು ಮಡಚಿರುತ್ತಿತ್ತು, ಇನ್ನೊಂದು ಬಾಗಿಲ ಕಡೆಗೆ ಚಾಚಿರುತ್ತಿತ್ತು. ಕ್ಷೌರಕ್ಕೆ ಕೂತರೆ ಅರ್ಧ ತಲೆ ಆಗುವಷ್ಟರಲ್ಲಿ ಹೊದೆಸಿದ ಬಟ್ಟೆಯ ಸಮೇತ ಎದ್ದು ಬೀದಿ ನೋಡಿ ಬರುತ್ತಿದ್ದ. ಬಸ್ಸು ತಡವಾದರೆ ನಿಂತು ಕಾಯುವ ಜಾಯಮಾನವೇ ಅಲ್ಲ. ಮುಂದಿನ ನಿಲ್ದಾಣಕ್ಕೆ ನಡೆದುಬಿಡುವುದು, ದಾರಿಯ ನಡುವೆ ಬಸ್ಸು ಇವನನ್ನು ದಾಟಿ ಹೋಗುವುದು, ಇವನು ಅದರ ಬೆನ್ನಿಗೆ ಬಾಯಿಗೆ ಬಂದದ್ದು ಬೈಯುವುದು. "ನಿಮ್ಮನ್ನ ಒಂದು ಕಡೆ ಕೂರಿಸಬೇಕಾದ್ರೆ ಪ್ಯಾಂಟಿಗೆ ಮೊಳೆ ಹೊಡೀಬೇಕು ರೀ," ಎನ್ನುತ್ತಿದ್ದಳು ಹೆಂಡತಿ.

ಮರ ಕಡೆಯುವ ಲೇಥಿನ ಮುಂದೆ ನಿಂತಾಗ ಮಾತ್ರ ಅವನು ಬೇರೆಯೇ ಮನುಷ್ಯ. ಅಲ್ಲಿ ತಿರುಗುವ ಕೆಲಸ ಮರದ್ದು. ಇವನು ಉಳಿ ಹಿಡಿದು, ಉಸಿರು ಬಿಗಿಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಶಾಲೆಯ ಮೇಷ್ಟರು "ಇವನಿಗೂ ಬೆಂಚಿಗೂ ಆಗಿಬರೋದಿಲ್ಲ" ಎಂದು ಕಿವಿ ಹಿಡಿದು ಅಪ್ಪನ ಕೈಗೆ ಒಪ್ಪಿಸಿದ್ದೇ ಒಳ್ಳೆಯದಾಯಿತು. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅಪ್ಪ ಮಂಚದ ಕಾಲು, ಮೆಟ್ಟಿಲ ಕಟಕಟೆಯ ಕಂಬ, ಉಳಿ ಸುತ್ತಿಗೆಗಳ ಹಿಡಿ ಕಡೆಯುತ್ತಿದ್ದ. ಮಗನೂ ಅದನ್ನೇ ಕಡೆದ. ಆಮೇಲೆ ಮಂಚದ ಕಾಲು ಕಬ್ಬಿಣದ್ದಾಯಿತು, ಕಟಕಟೆ ಸ್ಟೀಲಿನದಾಯಿತು, ಹಿಡಿಗಳೆಲ್ಲ ಪ್ಲಾಸ್ಟಿಕ್ಕಿನವಾದವು. ಅಪ್ಪ ತೀರಿಕೊಂಡ ಮೇಲಂತೂ ಶೆಡ್ಡಿನ ನೆಲದ ಮೇಲೆ ಮರದ ಹೊಟ್ಟು ಬೀಳುವುದೇ ಅಪರೂಪವಾಯಿತು.

ಆ ಹೊತ್ತಿನಲ್ಲೇ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಎಡಗಾಲು ನೆಟ್ಟಗೆ ಊರಲಾಗದಂತೆ ಆಯಿತು. ಔಷಧಿ ಅಂಗಡಿಯಿಂದ ತಂದ ಅಲ್ಯೂಮಿನಿಯಂ ಕೋಲನ್ನು ನೋಡಿ ಆಕೆ, "ಇದೇನೋ ಇದು, ಟಿವಿ ಆಂಟೆನಾ ತಂದಿದೀಯ?" ಎಂದು ಮಂಚದಡಿಗೆ ತಳ್ಳಿದಳು. ಅವಸರಣ್ಣನಿಗೆ ರೇಗಿತು. ದಡದಡ ಶೆಡ್ಡಿಗೆ ಹೋಗಿ, ಅಪ್ಪ ಯಾವುದಕ್ಕೋ ಎಂದು ಅಟ್ಟದ ಮೇಲೆ ಎತ್ತಿಟ್ಟಿದ್ದ ಒಳ್ಳೆಯ ಮರವೊಂದನ್ನು ಲೇಥಿಗೆ ಏರಿಸಿದ. ಅಂಗೈ ತುಂಬುವ ಗುಂಡನೆಯ ಹಿಡಿ, ಕೆಳಗೆ ಬರುತ್ತ ಬರುತ್ತ ಸಣ್ಣಗಾಗುವ ಮೈ, ತುದಿಗೆ ದಪ್ಪ ರಬ್ಬರು. ತಾಯಿ ಅದನ್ನು ಊರಿಕೊಂಡು ಬಾಗಿಲವರೆಗೆ ಹೋಗಿ ಬಂದಳು. ಹೊಗಳುವ ಹೆಂಗಸಲ್ಲ. "ಅಪ್ಪನ ಕೈ ಇದೆ ನಿನಗೆ, ಬುದ್ಧಿ ಮಾತ್ರ ಯಾರದೋ," ಎಂದಳು. ಅಷ್ಟು ಸಾಕಾಗಿತ್ತು ಅವನಿಗೆ.

ಬೀದಿಯಲ್ಲಿ ಒಬ್ಬಿಬ್ಬರು ಕೇಳಿದರು, ಮಾಡಿಕೊಟ್ಟ. ಆದರೆ ಒಂದು ಬೀದಿಯಲ್ಲಿ ಎಷ್ಟು ಮಂದಿ ಕುಂಟುತ್ತಾರೆ? ಆಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಭಾಮೈದ ಮುಂದೆ ಬಂದ. "ಭಾವ, ಆನ್‌ಲೈನಲ್ಲಿ ಹಾಕೋಣ. ದೇಶ ಪೂರ್ತಿ ಮುದುಕರಿದಾರೆ," ಎಂದ. ಶೆಡ್ಡಿನ ಬಾಗಿಲ ಬೆಳಕಿನಲ್ಲಿ ಕೋಲನ್ನು ಒರಗಿಸಿ ಫೋಟೋ ತೆಗೆದ, ಅಂಗಡಿ ತೆರೆದ.

ಅಂಗಡಿ ತೆರೆಯಿತು, ವ್ಯಾಪಾರ ತೆರೆಯಲಿಲ್ಲ. ಅವಸರಣ್ಣ ದಿನಕ್ಕೆ ಹತ್ತು ಸಲ ಭಾಮೈದನ ಮೊಬೈಲ್ ಅಂಗಡಿಗೆ ಹೋಗಿ ಗಾಜಿನ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದ.

"ಭಾವ, ನೋಡೋರು ಬೇಕಾದಷ್ಟು ಜನ. ಕೊಳ್ಳೋರು ಇಲ್ಲ."

"ಯಾಕಂತೆ? ನನ್ನ ಕೋಲಿಗೇನು ರೋಗ?"

"ಕೋಲಿಗಲ್ಲ, ಅದರ ಕೆಳಗೆ ಬರೆದಿರೋದಕ್ಕೆ. ಬೇರೆ ಕೋಲುಗಳ ಕೆಳಗೆ ಹಸಿರು ಅಕ್ಷರದಲ್ಲಿ ಫ್ರೀ ಡೆಲಿವರಿ ಅಂತಿದೆ. ನಮ್ಮದರ ಕೆಳಗೆ ಅಂಚೆ ಖರ್ಚು ಬೇರೆ ಅಂತಿದೆ. ಕೋಲಿನ ಬೆಲೆ ನೋಡಿ ಹತ್ರ ಬರ್ತಾರೆ, ಅಂಚೆ ಖರ್ಚು ನೋಡಿ ಓಡಿಹೋಗ್ತಾರೆ."

"ಆ ಫ್ರೀ ಕೋಲನ್ನ ಹೊತ್ಕೊಂಡು ಹೋಗೋನು ಯಾರು, ಅವರ ತಾತನಾ? ಅವನಿಗೆ ಸಂಬಳ ಬೇಡ್ವಾ?"

"ಬೇಕು. ಅದನ್ನ ಬೆಲೆಯೊಳಗೇ ಸೇರಿಸಿರ್ತಾರೆ."

"ಅಂದ್ರೆ ಫ್ರೀ ಅಲ್ಲ."

"ಅಲ್ಲ. ಆದ್ರೆ ಹಸಿರು ಅಕ್ಷರ ಇದೆಯಲ್ಲ ಭಾವ."

"ಹಾಗಾದ್ರೆ ನೀನೂ ಸೇರಿಸಿ ಹಸಿರು ಬಳಿ!"

"ಸೇರಿಸಿ ನೋಡಿದೆ. ಕೋಲಿನ ಬೆಲೆ ಮಂಚದ ಬೆಲೆ ಆಯ್ತು."

ಕೊರಿಯರಿನವರು ತೂಕಕ್ಕಷ್ಟೇ ಅಲ್ಲ, ಡಬ್ಬಿ ತಿನ್ನುವ ಜಾಗಕ್ಕೂ ದುಡ್ಡು ಕೇಳುತ್ತಾರೆ ಎಂದು ಭಾಮೈದ ಬಿಡಿಸಿ ಹೇಳಿದ. ಕೋಲು ಹಗುರ, ಆದರೆ ಉದ್ದ. ಉದ್ದದ ಡಬ್ಬಿ ಹುಡುಗರ ಚೀಲದಲ್ಲಿ ಹಿಡಿಯುವುದಿಲ್ಲ; ಅದಕ್ಕೆ ಬೇರೆ ಗಾಡಿ, ಬೇರೆ ದರ. "ನಿಮ್ಮ ಕೋಲು ಅರ್ಧ ಉದ್ದ ಇದ್ದಿದ್ರೆ ಸಣ್ಣ ಪಾರ್ಸಲ್ ದರದಲ್ಲಿ ಆರಾಮಾಗಿ ಹೋಗ್ತಿತ್ತು. ಕುಳ್ಳರಿಗೆ ಮಾತ್ರ ಮಾರೋಣ ಅಂದ್ರೆ ಹೇಳಿ," ಎಂದು ನಕ್ಕ.

ಅವಸರಣ್ಣ ನಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮನೆಗೆ ಬಂದವನೇ ಕಡೆದಿಟ್ಟ ಕೋಲೊಂದನ್ನು ಗರಗಸದಡಿ ಹಿಡಿದು ನಡುವಿಗೆ ಕತ್ತರಿಸಿಬಿಟ್ಟ. ಹೆಂಡತಿ "ಅಯ್ಯೋ!" ಎನ್ನುವುದರೊಳಗೆ ಕೋಲು ಎರಡಾಗಿತ್ತು. ಕಬ್ಬಿಣದಂಗಡಿಯಿಂದ ಹಿತ್ತಾಳೆಯ ಬೋಲ್ಟು ನಟ್ಟು ತಂದು, ಬೋಲ್ಟನ್ನು ಮೇಲಿನ ತುಂಡಿನ ತುದಿಗೂ ನಟ್ಟನ್ನು ಕೆಳಗಿನ ತುಂಡಿನ ಬಾಯಿಗೂ ಕೂರಿಸಿದ. ತಿರುಗಿಸಿ ಬಿಗಿ ಮಾಡಿದರೆ ಜೋಡಿಸಿದ ಜಾಗ ಕಾಣುತ್ತಲೇ ಇರಲಿಲ್ಲ. ಉಗುರು ಎಳೆದರೆ ಮಾತ್ರ ಗೊತ್ತಾಗುವಂಥ ಗೆರೆ. ಡಬ್ಬಿ ಅರ್ಧ, ಅಂಚೆ ಖರ್ಚು ಅರ್ಧಕ್ಕಿಂತ ಕಮ್ಮಿ.

ಪರೀಕ್ಷೆ ಮಾಡದೆ ಬಿಟ್ಟ ಎನ್ನುವ ಹಾಗಿಲ್ಲ. ಆ ಕೋಲನ್ನು ಊರಿಕೊಂಡು ಅವನು ಬೀದಿಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ತಿರುಗಿದನೋ! ಮೆಟ್ಟಿಲು ಹತ್ತಿ ಇಳಿದ, ಚರಂಡಿ ದಾಟಿದ, ಮೈಭಾರ ಪೂರ್ತಿ ಬಿಟ್ಟು ನೇತಾಡಿದ. ನಡೆದಷ್ಟೂ ತಿರುಪು ಇನ್ನೂ ಬಿಗಿಯಾಗುತ್ತಿತ್ತು. ಕೊನೆಗೆ ಬಿಚ್ಚಲು ಬಟ್ಟೆ ಸುತ್ತಿ ತಿರುಗಿಸಬೇಕಾಯಿತು. "ನೋಡಿದ್ಯಾ! ತಾನೇ ತಾನಾಗಿ ಬಿಗಿ ಆಗುತ್ತೆ!" ಎಂದು ಹೆಂಡತಿಯ ಮುಂದೆ ಎದೆ ಉಬ್ಬಿಸಿದ. ತಾಯಿಗೂ ಒಂದು ಕೊಡಲು ಹೋದ. "ನನಗೆ ನನ್ನ ಇಡೀ ಕೋಲೇ ಇರ್ಲಿ. ತುಂಡು ಕೋಲು ನಿನ್ನ ಗಿರಾಕಿಗಳಿಗೆ ಕೊಡು," ಎಂದಳು ಆಕೆ.

ಗಿರಾಕಿಗಳು ಮಾತ್ರ ಮುಗಿಬಿದ್ದರು. ಹಸಿರು ಅಕ್ಷರ ಬಂದದ್ದೇ ತಡ, ಹಲಗೆ ಹಲಗೆಯಾಗಿ ಮರ ತರಿಸಬೇಕಾಯಿತು. ಹೆಂಡತಿ ಡಬ್ಬಿ ಮಡಚಿ ಟೇಪು ಹಚ್ಚುವಳು, ಭಾಮೈದ ವಿಳಾಸದ ಚೀಟಿ ತೆಗೆದು ತರುವನು, ದಿನವೂ ಕೊರಿಯರಿನವನು ಬಂದು ಚೀಲ ತುಂಬಿಕೊಂಡು ಹೋಗುವನು. ಈ ಕೊರಿಯರಿನವನ ತಲೆಗೂದಲು ಯಾರೂ ಕಂಡಿರಲಿಲ್ಲ. ನೀರು ಕುಡಿಯುವಾಗಲೂ ತೆಗೆಯುತ್ತಿರಲಿಲ್ಲವಾದ್ದರಿಂದ ಮನೆಯವರೆಲ್ಲ ಅವನನ್ನು ಹೆಲ್ಮೆಟ್ ಎಂದೇ ಕರೆಯುತ್ತಿದ್ದರು. "ಅಣ್ಣ, ನಿಮ್ಮ ಮನೆ ಪಾರ್ಸಲ್ ಅಂದ್ರೆ ನನಗೆ ಬಲು ಇಷ್ಟ. ಕೊಳಲು ಹಿಡ್ಕೊಂಡ ಹಾಗಿರುತ್ತೆ," ಎನ್ನುತ್ತಿದ್ದ ಹೆಲ್ಮೆಟ್.

ಹೀಗೆ ಎಲ್ಲ ಸರಾಗ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಹೆಂಡತಿ ಫೋನು ಹಿಡಿದು ಶೆಡ್ಡಿಗೆ ಬಂದಳು. "ರೀ, ಯಾರೋ ಐದಕ್ಕೈದು ನಕ್ಷತ್ರ ಕೊಟ್ಟಿದಾರೆ. ಏನೋ ಕೇಳಿದಾರೆ ಕೂಡ," ಎಂದು ಓದಿದಳು:

"ಕೋಲು ತುಂಬಾ ಚೆನ್ನಾಗಿದೆ. ನಮ್ಮ ಯಜಮಾನರಿಗೆ ಬಲಮಂಡಿ ನೋವು, ಅದಕ್ಕೆ ಎಡಗೈಯಲ್ಲಿ ಹಿಡೀತಾರೆ. ಆಗಾಗ ನಡುವೆ ಸಡಿಲ ಆಗುತ್ತೆ. ನಿನ್ನೆ ಮೆಟ್ಟಿಲಿಳಿಯುವಾಗ ಎರಡು ತುಂಡಾಗಿಬಿಡ್ತು. ಪುಣ್ಯಕ್ಕೆ ಇನ್ನೊಂದು ಕೈ ಕಂಬಿ ಮೇಲಿತ್ತು. ಬಿಗಿ ಮಾಡೋ ರೀತಿ ಸ್ವಲ್ಪ ಹೇಳಿಕೊಡ್ತೀರಾ?"

ಬೈದಿದ್ದರೆ ಅವಸರಣ್ಣ ತಿರುಗಿ ಬೈದು ಹಗುರಾಗುತ್ತಿದ್ದ. ಇದು ಮರ್ಯಾದೆಯ ಮಾತು. ಲೇಥ್ ಆರಿಸಿದ. ಹೊಸ ಕೋಲೊಂದನ್ನು ಹಲ್ಲು ಕಚ್ಚಿ ಬಿಗಿ ಮಾಡಿ, ಎಡಗೈಯಲ್ಲಿ ಹಿಡಿದು ಬೀದಿಗಿಳಿದ.

"ಏನಣ್ಣ, ನಿನ್ನೆ ತನಕ ಬಲಗೈಲಿ ಕುಂಟ್ತಾ ಇದ್ದೆ?" ಎಂದ ಕ್ಷೌರದಂಗಡಿಯವನು.

"ನಿನ್ನ ಕತ್ತರಿ ನೋಡ್ಕೋ!"

ಒಂದು ಸುತ್ತು ಹೋದ, ಏನೂ ಆಗಲಿಲ್ಲ. ಇನ್ನೊಂದು ಸುತ್ತಿಗೆ ಅಂಗೈಯಲ್ಲಿ ಏನೋ ಸಣ್ಣಗೆ ಕಳಚಿಕೊಂಡಂತಾಯಿತು. ಆಗ ಅವನು ಹೆಜ್ಜೆ ನಿಧಾನ ಮಾಡಿ ಕೈಯ ಮೇಲೆ ಗಮನವಿಟ್ಟ. ರಬ್ಬರು ನೆಲ ಕಚ್ಚಿ ನಿಲ್ಲುತ್ತಿತ್ತು. ಮೈ ಮುಂದಕ್ಕೆ ಹೋಗುವಾಗ ಮಣಿಕಟ್ಟು ಕೂದಲೆಳೆಯಷ್ಟು ಹೊರಳುತ್ತಿತ್ತು. ಬಲಗೈಯಲ್ಲಿ ಆ ಹೊರಳು ತಿರುಪನ್ನು ಬಿಗಿ ಮಾಡುತ್ತಿತ್ತು. ಎಡಗೈಯಲ್ಲಿ ಅದೇ ಹೊರಳು ಉಲ್ಟಾ. ಹೆಜ್ಜೆಗೊಂದು ಕೂದಲೆಳೆ, ಹೆಜ್ಜೆಗೊಂದು ಕೂದಲೆಳೆ. ಬೀದಿ ನಲ್ಲಿಯ ಹತ್ತಿರ ಬರುವಷ್ಟರಲ್ಲಿ ಹಿಡಿಯ ತುಂಡು ಅವನ ಕೈಯಲ್ಲಿತ್ತು, ಕೆಳಗಿನ ತುಂಡು ರಸ್ತೆಯಲ್ಲಿ ಉರುಳುತ್ತಿತ್ತು, ಅವನು ಒಂದು ಮಂಡಿಯ ಮೇಲಿದ್ದ.

ಕ್ಷೌರದವನು ನಗುತ್ತ ಹೊರಗೆ ಬಂದ. ಅವಸರಣ್ಣ ಏಳಲಿಲ್ಲ, ಬೈಯಲೂ ಇಲ್ಲ, ನಲ್ಲಿಯ ಕಟ್ಟೆಗೆ ಒರಗಿ ಕೂತೇಬಿಟ್ಟ. ಅವನು ಕೂತದ್ದನ್ನು ನೋಡಿ ಕ್ಷೌರದವನ ನಗು ಬಾಯಲ್ಲೇ ಉಳಿಯಿತು.

ಬಲಗಾಲು ನೋಯುವವರೆಲ್ಲ ಎಡಗೈಯಲ್ಲೇ ಹಿಡಿಯುತ್ತಾರೆ. ಅಂದರೆ ಕೊಂಡವರಲ್ಲಿ ಹತ್ತಿರ ಹತ್ತಿರ ಅರ್ಧ ಜನ. ಎಲ್ಲೆಲ್ಲಿಯೋ ಮೆಟ್ಟಿಲುಗಳು, ಬಚ್ಚಲುಗಳು, ಬಸ್ಸಿನ ಬಾಗಿಲುಗಳು. ಅಲ್ಲೆಲ್ಲ ಅವನ ಕೈಯಾರೆ ಕಡೆದ ಕೋಲು ಹೆಜ್ಜೆಗೊಂದು ಕೂದಲೆಳೆಯಂತೆ ಬಿಚ್ಚಿಕೊಳ್ಳುತ್ತಿದೆ. ಆ ಹೊತ್ತಿನಿಂದ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ.

ಭಾಮೈದ ಬಂದ. ಅವನಿಗೆ ಇದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. "ಒಬ್ಬರು ಕೇಳಿದಾರೆ. ಅವರಿಗೆ ಅಂಟು ಹಾಕಿ ಬಿಗಿ ಮಾಡ್ಕೊಳ್ಳಿ ಅಂತ ಬರೆಯೋಣ. ಇನ್ಮೇಲೆ ಮಾಡೋ ಕೋಲಲ್ಲಿ ಸರಿ ಮಾಡಿ. ಮುಗೀತು."

"ಮಿಕ್ಕವರು?"

"ಮಿಕ್ಕವರು ಕೇಳಿಲ್ವಲ್ಲ."

"ಬಿದ್ದ ಮೇಲೆ ಕೇಳ್ತಾರೇನೋ ಮೂರ್ಖ! ಎಲ್ಲರಿಗೂ ಹೇಳು."

"ಹೇಳೋಕೆ ಬಿಡಲ್ಲ ಭಾವ. ಪಾರ್ಸಲ್ ಮುಟ್ಟಿದ ಮೇಲೆ ಗಿರಾಕಿ ಆ ಆನ್‌ಲೈನ್ ಕಂಪನಿಯವನು, ನಮ್ಮವನಲ್ಲ. ಅವರಾಗಿ ಬರೆದ್ರೆ ಮಾತ್ರ ನಾವು ಉತ್ತರ ಕೊಡಬಹುದು. ಇರೋದು ಒಂದೇ ದಾರಿ. ಸುರಕ್ಷತೆ ಸರಿಯಿಲ್ಲ ಅಂತ ನಾವೇ ಒಪ್ಪಿಕೊಂಡು ಎಲ್ಲಾ ಕೋಲನ್ನೂ ವಾಪಸ್ ಕರೆಸೋದು. ಅದಕ್ಕೊಂದು ಗುಂಡಿ ಇದೆ. ಒತ್ತಿದ್ರೆ ಎಲ್ಲರಿಗೂ ಹಣ ವಾಪಸ್. ಹೋಗೋ ಅಂಚೆ ಖರ್ಚು ಹೇಗೂ ನಾವೇ ಕೊಟ್ಟಿದೀವಿ, ಬರೋ ಅಂಚೆ ಖರ್ಚೂ ನಮ್ಮ ತಲೆ ಮೇಲೆ. ಗಿರಾಕಿಗೆ ಮಾತ್ರ ಆಗ್ಲೂ ಫ್ರೀ. ಅಷ್ಟೇ ಅಲ್ಲ, ಅಷ್ಟು ಮಾಲು ವಾಪಸ್ ಬಂದ್ರೆ ಹಸಿರು ಅಕ್ಷರ ಕಿತ್ಕೋತಾರೆ. ಅಂಗಡಿ ಅಡಿಯಲ್ಲೆಲ್ಲೋ ಹೋಗಿ ಬೀಳುತ್ತೆ. ಮತ್ತೆ ಮೇಲೆ ಬರಲ್ಲ."

ಅವಸರಣ್ಣ ಶೆಡ್ಡಿನೊಳಗೆ ಗೋಡೆಯಿಂದ ಗೋಡೆಗೆ ಓಡಾಡಿದ. ಕಂಪನಿಗೆ ಬೈದ, ಕೊರಿಯರಿಗೆ ಬೈದ, ಉದ್ದಕ್ಕೆ ದುಡ್ಡು ಕೇಳಿದವನ ವಂಶ ಜಾಲಾಡಿದ. ನಿಜ ಏನೆಂದರೆ ಆ ಹಸಿರು ಅಕ್ಷರದ ಅಂಚೆ ಖರ್ಚನ್ನು ಕಂಪನಿ ಕೊಟ್ಟಿರಲಿಲ್ಲ, ಗಿರಾಕಿ ಕೊಟ್ಟಿರಲಿಲ್ಲ; ತನ್ನ ನಡು ಕತ್ತರಿಸಿಕೊಂಡು ಕೋಲು ಕೊಟ್ಟಿತ್ತು. ಕತ್ತರಿಸಿದವನು ಇವನೇ. ಅದು ಗೊತ್ತಿದ್ದರಿಂದಲೇ ಬೈಗುಳಕ್ಕೆ ಅಷ್ಟು ಜೋರು.

"ಅಕ್ಕ, ನೀನಾದ್ರೂ ಹೇಳೇ," ಎಂದ ಭಾಮೈದ. ಹೆಂಡತಿ ಮಡಚಿದ ಡಬ್ಬಿಗಳ ರಾಶಿಯನ್ನು ನೋಡಿದಳು. ಮಗಳ ಕಾಲೇಜು, ಬಾಕಿಯಿದ್ದ ಮನೆಯ ಸೂರಿನ ಕೆಲಸ, ಎಲ್ಲ ಆ ರಾಶಿಯಲ್ಲೇ ಇದ್ದವು.

ಮಾತಾಡಿದ್ದು ತೆರೆದ ಬಾಗಿಲಾಚೆ, ಮನೆಯೊಳಗಿನ ಮಂಚದ ಮೇಲಿಂದ ತಾಯಿ. "ಲೋ, ಆವತ್ತು ನಾನು ಬಚ್ಚಲಲ್ಲಿ ಬಿದ್ದೆನಲ್ಲ. ನಿನಗೆ ಸದ್ದು ಕೇಳಿಸ್ತಾ?"

ಕೇಳಿಸಿರಲಿಲ್ಲ. ಲೇಥ್ ತಿರುಗುತ್ತಿತ್ತು. ಅದು ನಿಂತ ಮೇಲೆಯೇ ಅವನಿಗೆ ತಾಯಿಯ ನರಳಾಟ ಕೇಳಿಸಿದ್ದು.

"ಕೂಗಿ ಕೂಗಿ ಗಂಟಲು ಒಣಗಿತ್ತು," ಎಂದಳು ತಾಯಿ. ಗೋಡೆಯ ಕಡೆಗೆ ಹೊರಳಿದಳು.

"ಒತ್ತೋ ಗುಂಡಿ," ಎಂದ ಅವಸರಣ್ಣ.

"ಭಾವ, ಒಂದು ಸಲ ಯೋಚನೆ..."

"ಒತ್ತು ಅಂದೆ! ಇಲ್ಲಾಂದ್ರೆ ಫೋನ್ ಕೊಡು, ಎಲ್ಲಾ ಗುಂಡೀನೂ ನಾನೇ ಒತ್ತುತೀನಿ!"

ಎಲ್ಲ ಗುಂಡಿಗಳನ್ನೂ ಒತ್ತುವ ಬೆದರಿಕೆಗೆ ಭಾಮೈದ ಹೆದರಿ ಬೇಕಾದ ಒಂದನ್ನು ಒತ್ತಿದ.

ಆಮೇಲಿನ ದಿನಗಳು ಅವಸರಣ್ಣನಿಗೆ ಮುಳ್ಳಿನ ಮೇಲಿನವು. ಹೆಲ್ಮೆಟ್ ಈಗ ಖಾಲಿ ಚೀಲ ತಂದು ತುಂಬಿಕೊಂಡು ಹೋಗುವ ಬದಲು ತುಂಬಿದ ಚೀಲ ತಂದು ಖಾಲಿ ಮಾಡಿ ಹೋಗುತ್ತಿದ್ದ. ಅವನ ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕೇಳುತ್ತಲೇ ಅವಸರಣ್ಣ ಚಪ್ಪಲಿಯಿಲ್ಲದೆ ಓಡುತ್ತಿದ್ದ. ಡಬ್ಬಿ ಹರಿದು, ಕೋಲು ತೆಗೆದು, ಹಿಡಿಯಲ್ಲಿ ಅಂಟಿದ ಬೆರಳುಗಳ ಜಿಡ್ಡಿನಲ್ಲಿ ಹೆಬ್ಬೆರಳು ಯಾವ ಮಗ್ಗುಲಿಗಿದೆ ಎಂದು ನೋಡುತ್ತಿದ್ದ. ಎಡಗೈಯದು ಬಂದರೆ ಉಸಿರು ಬಿಡುವನು. ಬಲಗೈಯದು ಬಂದರೆ "ಇದ್ಯಾಕೆ ಬಂತು, ಇದು ಸರಿಯಾಗೇ ಇತ್ತಲ್ಲ!" ಎಂದು ಅದಕ್ಕೂ ಬೈಗುಳ. ಆ ಐದು ನಕ್ಷತ್ರದ ಹೆಂಗಸು ಕೋಲಿನ ಜೊತೆ ಒಂದು ಚೀಟಿ ಇಟ್ಟಿದ್ದಳು, ಸರಿಯಾದದ್ದು ಮಾಡಿದಾಗ ಮೊದಲು ನಮಗೇ ತಿಳಿಸಿ ಎಂದು. ಅದನ್ನು ಹೆಂಡತಿ ಎರಡು ಸಲ ಓದಿದಳು. ಹಸಿರು ಅಕ್ಷರ ಹೋಯಿತು. ಅಂಗಡಿ, ಭಾಮೈದ ಹೇಳಿದ್ದ ಹಾಗೆಯೇ, ಬೆರಳು ನೋಯುವವರೆಗೆ ಕೆಳಕ್ಕೆ ತಳ್ಳಿದರೂ ಕಾಣದ ಕಡೆ ಹೋಗಿ ಬಿದ್ದಿತು.

ಕೆಲವರು ಅಂಟು ಹಾಕಿಕೊಂಡೆವು ಎಂದು ಬರೆದರು. ಮಿಕ್ಕವು ಬಂದವು. ಒಂದು ಮಾತ್ರ ಬರಲಿಲ್ಲ. ಅದರ ಮುಂದೆ ಕಂಪನಿಯವರು 'ಗಿರಾಕಿ ಹಿಂದಿರುಗಿಸಲು ಒಪ್ಪಿಲ್ಲ' ಎಂದು ಬರೆದು ಕೈ ತೊಳೆದುಕೊಂಡಿದ್ದರು.

"ಒಪ್ಪದಿದ್ರೆ ಅವರ ಹಣೆಬರಹ ಭಾವ. ನಾವು ಮಾಡೋದು ಮಾಡಾಯ್ತು," ಎಂದ ಭಾಮೈದ.

ಅವಸರಣ್ಣ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ. ಮಾರನೆಯ ದಿನ ಹೆಲ್ಮೆಟ್ಟನ್ನು ತಡೆದು ನಿಲ್ಲಿಸಿದ. "ಯಾರು ಅದು? ಎಲ್ಲಿ?"

"ಅಣ್ಣ, ವಿಳಾಸ ಹೇಳೋ ಹಾಗಿಲ್ಲ. ಕೆಲಸ ಹೋಗುತ್ತೆ."

"ವಿಳಾಸ ಬೇಡ. ಕತೆ ಹೇಳು."

ಹೆಲ್ಮೆಟ್ ಸ್ವಲ್ಪ ಯೋಚಿಸಿದ. "ಕತೆ ಅಂದ್ರೆ... ಇದೇ ಊರಲ್ಲಿ ಒಬ್ಬ ಕೊರಿಯರಿನವನು ತರಕಾರಿ ಮಾರ್ಕೆಟ್ಟಿನ ಹಿಂದೆ, ನೀಲಿ ಬಾಗಿಲ ಮನೆ ಮಹಡಿ ಹತ್ತಿ ಹೋದ. ಅಲ್ಲೊಬ್ಬಳು ತರಕಾರಿ ಮಾರೋ ಅಜ್ಜಿ, ಅದೇ ಕೋಲಲ್ಲಿ ಅವನನ್ನ ಮೆಟ್ಟಿಲ ತನಕ ಅಟ್ಟಿಸ್ಕೊಂಡು ಬಂದಳು. ಕತೆ ಮುಗೀತು."

"ಯಾವ ಕೈಲಿ ಅಟ್ಟಿಸ್ಕೊಂಡು ಬಂದ್ಳೋ?"

ಹೆಲ್ಮೆಟ್ ತನ್ನೆರಡು ಕೈಗಳನ್ನೂ ಎತ್ತಿ ನೋಡಿಕೊಂಡ. "ಎಡಗೈ," ಎಂದ.

ಅವಸರಣ್ಣ ಅಂಗಿಯ ಗುಂಡಿ ಹಾಕಿಕೊಂಡದ್ದು ಮಾರ್ಕೆಟ್ಟಿನ ದಾರಿಯಲ್ಲೇ. ನೀಲಿ ಬಾಗಿಲು ಸಿಕ್ಕಿತು. ಮಹಡಿಗೆ ಕಡಿದಾದ ಕಲ್ಲಿನ ಮೆಟ್ಟಿಲು, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ, ಹಿಡಿಯಲು ಕಂಬಿಯಿಲ್ಲ. ಮೇಲಿಂದ ಒಬ್ಬಳು ಗಟ್ಟಿಮುಟ್ಟಾದ ಅಜ್ಜಿ ಬಲಹೆಗಲಿಗೆ ಚೀಲ ನೇತುಹಾಕಿಕೊಂಡು, ಎಡಗೈಯಲ್ಲಿ ಕೋಲೂರುತ್ತ ಇಳಿಯುತ್ತಿದ್ದಳು.

"ಅಲ್ಲೇ ನಿಲ್ಲಿ! ಇಳೀಬೇಡಿ!" ಎಂದು ಅರಚಿದ.

"ಯಾರೋ ನೀನು? ನನ್ನ ಮನೆ ಮೆಟ್ಟಿಲು, ನನ್ನ ಕಾಲು."

"ಅಮ್ಮ, ಕೋಲು ಮಾಡಿದವನು ನಾನು."

"ಓಹೋ, ನೀನೇನಾ? ನಿನ್ನೆ ಒಬ್ಬ ಬಂದಿದ್ದ, ತಲೆಗೆ ಮಡಕೆ ಮುಚ್ಕೊಂಡು. ಇವತ್ತು ನೀನು. ಮಾರಿದ್ದನ್ನ ಕಿತ್ಕೊಳ್ಳೋ ವ್ಯಾಪಾರ ಯಾವಾಗಿಂದ ಶುರು ಮಾಡಿದ್ರಪ್ಪ?"

ಅವನು ಮೆಟ್ಟಿಲು ಹತ್ತಿ, ಎಡಗೈ, ತಿರುಪು, ಕೂದಲೆಳೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ. ಅಜ್ಜಿ ಕೇಳಿಸಿಕೊಂಡಳು. "ಗೊತ್ತು ಬಿಡು. ಸಡಿಲ ಆಗುತ್ತೆ, ಆಗಾಗ ತಿರುಗಿಸ್ಕೋತೀನಿ, ಬಾಟಲಿ ಮುಚ್ಚಳದ ಹಾಗೆ."

"ಒಂದು ಸಲ ಮರೆತ್ರೆ? ಕೊಡಿ, ಅಂಟು ಹಾಕಿ ಕೊಡ್ತೀನಿ. ಜೇಬಲ್ಲೇ ಇದೆ."

"ಅಂಟು ಹಾಕಿದ್ರೆ ಬಿಚ್ಚೋದು ಹೇಗೆ?"

"ಬಿಚ್ಚೋದೇ ಬೇಡ!"

"ಬಿಚ್ಚೋದಕ್ಕೇ ಕಣೋ ನಾನು ಇದನ್ನ ತರಿಸಿದ್ದು!" ಅಜ್ಜಿ ಕೋಲನ್ನು ಎದೆಗೆ ಒತ್ತಿ ಹಿಡಿದಳು. "ಮಾರ್ಕೆಟ್ಟಲ್ಲಿ ನನ್ನ ಕೈಲಿ ಕೋಲು ಕಂಡ್ರೆ, ಮುದುಕಿ ಆದ್ಲು ಅಂತ ಆ ಪಕ್ಕದ ಆಲೂಗಡ್ಡೆಯವನು ನನ್ನ ಜಾಗಕ್ಕೆ ಚಾಪೆ ಹಾಸ್ತಾನೆ. ಮೂಲೆ ತನಕ ಊರ್ಕೊಂಡು ಹೋಗ್ತೀನಿ, ಅಲ್ಲಿ ಎರಡು ಮಾಡಿ ಚೀಲದೊಳಗೆ ಹಾಕ್ತೀನಿ, ಆಮೇಲೆ ಗೋಡೆ ಹಿಡ್ಕೊಂಡು ರಾಣಿ ಹಾಗೆ ಹೋಗಿ ಕೂರ್ತೀನಿ. ಇಡೀ ಕೋಲು ಚೀಲದಲ್ಲಿ ಹಿಡಿಯುತ್ತಾ?"

ಅಂಚೆ ಖರ್ಚು ಉಳಿಸಲು ತಾನು ಮಾಡಿದ ತುಂಡನ್ನು ಈ ಹೆಂಗಸು ತನ್ನ ಮಾನಕ್ಕೆ ಇಟ್ಟುಕೊಂಡಿದ್ದಾಳೆ. ಕಿತ್ತುಕೊಳ್ಳುವ ಹಾಗೂ ಇಲ್ಲ, ಬಿಟ್ಟುಹೋಗುವ ಹಾಗೂ ಇಲ್ಲ. ಕೊನೆಗೆ ಜೇಬಿನಿಂದ ಪಾರ್ಸಲ್ ಟೇಪು ತೆಗೆದು, ಅಜ್ಜಿ ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಜೋಡಿನ ಮೇಲೆ ದಪ್ಪನಾಗಿ ಸುತ್ತಿದ.

"ನನ್ನ ಕೋಲಿಗೆ ಬ್ಯಾಂಡೇಜಾ!"

"ಸಂಜೆವರೆಗೆ ಮಾತ್ರ. ಒಂದಿನ ರಾಣಿ ಕೋಲು ಹಿಡ್ಕೊಂಡೇ ಕೂರ್ಲಿ. ಅಷ್ಟರಲ್ಲಿ ಎಡಗೈಯದನ್ನೇ ಮಾಡ್ಕೊಂಡು ಬರ್ತೀನಿ. ಇದೂ ಬಿಚ್ಚುತ್ತೆ, ಆದ್ರೆ ನೀವು ಬಿಚ್ಚಿದಾಗ ಮಾತ್ರ."

ಮಾತು ಕೊಟ್ಟದ್ದೇನೋ ಆಯಿತು. ಉಲ್ಟಾ ತಿರುಪಿನ ಬೋಲ್ಟು ಎಲ್ಲಿದೆ? ಕಬ್ಬಿಣದಂಗಡಿಯವನು ಇವನನ್ನು ಮೇಲಿಂದ ಕೆಳಗೆ ನೋಡಿ "ಹಾಗೆಲ್ಲ ಬರಲ್ಲ" ಎಂದ. ಇನ್ನೊಂದು ಅಂಗಡಿಯಲ್ಲೂ ಅದೇ ಮಾತು. ಬಿಸಿಲಲ್ಲಿ ಬೆವರು ಸುರಿಸಿಕೊಂಡು ಸೈಕಲ್ ರಿಪೇರಿಯವನ ಮುಂದೆ ಹಾಯುವಾಗ ಅವನು ಸೈಕಲ್ಲೊಂದನ್ನು ತಲೆಕೆಳಗೆ ನಿಲ್ಲಿಸಿ ಪೆಡಲ್ ಬಿಚ್ಚುತ್ತಿದ್ದ. ಪಾನಾ ತಿರುಗಿದ ದಿಕ್ಕನ್ನು ನೋಡಿ ಅವಸರಣ್ಣ ಗಕ್ಕನೆ ನಿಂತ.

"ಅದೇನು, ಉಲ್ಟಾ ಬಿಚ್ತಾ ಇದೀಯ?"

"ಎಡಗಡೆ ಪೆಡಲಪ್ಪ. ಅದರ ತಿರುಪೇ ಉಲ್ಟಾ. ಇಲ್ಲಾಂದ್ರೆ ತುಳೀತಾ ತುಳೀತಾ ಕಳಚಿ ಬೀಳುತ್ತೆ. ಯಾಕೆ, ಚೆಂದಕ್ಕೆ ಹಾಗೆ ಮಾಡಿದಾರೆ ಅಂದ್ಕೊಂಡಿದ್ಯಾ?"

ಅವಸರಣ್ಣ ತನ್ನ ಹಣೆಗೆ ತಾನೇ ಹೊಡೆದುಕೊಂಡ. ಹುಡುಗನಾಗಿದ್ದಾಗಿನಿಂದ ಎಷ್ಟು ಸಲ ಆ ಪೆಡಲನ್ನು ಬಿಚ್ಚಿ ಹಾಕಿದ್ದನೋ. ಕೈಗೆ ಗೊತ್ತಿದ್ದದ್ದು ತಲೆಗೆ ಹತ್ತಿರಲಿಲ್ಲ. ಗುಜರಿಯ ಡಬ್ಬಿಯಿಂದ ಹಳೆಯ ಎಡ ಪೆಡಲಿನ ಅಚ್ಚನ್ನೂ ಅದು ಕೂರುವ ತೂತಿರುವ ತುಂಡನ್ನೂ ಗರಗಸದಿಂದ ಕೊಯ್ಯಿಸಿಕೊಂಡು ಓಡಿದ.

ಲೇಥಿಗೆ ಬಲು ದಿನದ ಮೇಲೆ ಕೆಲಸ. ಸಂಜೆಯ ಹೊತ್ತಿಗೆ ಭಾಮೈದ ಬಂದಾಗ ಕೋಲು ಬಹುಪಾಲು ಮುಗಿದಿತ್ತು. ಅವನು ಕೈಯಲ್ಲಿ ತೂಗಿ ನೋಡಿದ. "ಭಾವ, ಕಬ್ಬಿಣ ಜಾಸ್ತಿ ಆಯ್ತು. ಇದು ಸಣ್ಣ ಪಾರ್ಸಲ್ಲಲ್ಲಿ ಹೋಗಲ್ಲ. ಫ್ರೀ ಕೊಡೋಕಾಗಲ್ಲ."

"ಇದನ್ನ ನಾನೇ ಹೊತ್ಕೊಂಡು ಹೋಗ್ತೀನಿ."

"ಇದು ಸರಿ. ಮುಂದಿನವು?"

"ಅಂಚೆ ಖರ್ಚು ಇಷ್ಟು ಅಂತ ರಾಜಾರೋಷವಾಗಿ ಬರಿ. ಬೇಕಾದವರು ಕೊಡ್ತಾರೆ, ಬೇಡದವರು ಆಂಟೆನಾ ಹಿಡ್ಕೊಂಡು ಹೋಗ್ತಾರೆ. ಮತ್ತೆ ಗಿರಾಕೀನ ಕೇಳು, ಯಾವ ಕೈ ಅಂತ."

"ಕೈ ಕೇಳೋ ಜಾಗ ಇಲ್ಲ ಭಾವ. ಅಲ್ಲಿ ಬಣ್ಣ ಕೇಳೋ ಜಾಗ ಮಾತ್ರ ಇದೆ."

"ಹಾಗಾದ್ರೆ ಬಣ್ಣದ ಜಾಗದಲ್ಲಿ ಎಡ, ಬಲ ಅಂತ ಬರಿ!"

ಭಾಮೈದ ತಲೆ ಕೆರೆದುಕೊಂಡ. "ಎಡ ಬಣ್ಣದ ಕೋಲು," ಎಂದು ಮೆಲ್ಲಗೆ ಹೇಳಿ ನೋಡಿದ. ಹೆಂಡತಿ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. "ಬರಿಯೋ. ಮೊದಲನೆಯದು ಆ ಐದು ನಕ್ಷತ್ರದವರಿಗೆ," ಎಂದಳು.

ಬೆಳಕಿರುವಾಗಲೇ ಅವಸರಣ್ಣ ನೀಲಿ ಬಾಗಿಲ ಮುಂದಿದ್ದ. ಅಜ್ಜಿ ಮಾರ್ಕೆಟ್ಟಿನಿಂದ ಆಗಷ್ಟೇ ಬಂದು, ಟೇಪು ಸುತ್ತಿದ ಕೋಲನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಹೊಸದನ್ನು ತೆಗೆದುಕೊಂಡು ಬಿಚ್ಚಲು ಹೋದಳು. ಬಿಚ್ಚಲಿಲ್ಲ.

"ಅಂಟು ಹಾಕಿದೀಯ ಕಳ್ಳ!"

"ಆ ಕಡೆಗಲ್ಲಮ್ಮ, ಈ ಕಡೆಗೆ. ನೀವು ಇಷ್ಟು ದಿನ ಬಿಗಿ ಮಾಡ್ತಿದ್ರಲ್ಲ, ಆ ಕಡೆಗೆ."

ಅಜ್ಜಿ ತಿರುಗಿಸಿದಳು. ಎರಡಾಯಿತು. ಚೀಲದೊಳಗೆ ಇಟ್ಟು ನೋಡಿದಳು, ಹಿಡಿಯಿತು. ಮತ್ತೆ ಜೋಡಿಸಿದಳು. "ಸ್ವಲ್ಪ ಭಾರ," ಎಂದಳು.

"ಭಾರ ಇರ್ಲಿ ಬಿಡಿ. ಕೊಡಿ ಒಂದ್ನಿಮಿಷ." ಅವನು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಜೋಡಿನ ಮೇಲೆ ಮೇಲಿನ ತುಂಡಿನಿಂದ ಕೆಳಗಿನ ತುಂಡಿಗೆ ನೇರವಾಗಿ ಒಂದು ಗೆರೆ ಎಳೆದ. ಕೂದಲೆಳೆಯಷ್ಟು ಸರಿದರೂ ಗೆರೆ ಮುರಿದು ಕಾಣಬೇಕು. "ಈಗ ಹತ್ತಿ, ಇಳೀರಿ."

ಅಜ್ಜಿ ಹತ್ತಿದಳು. ಇಳಿಯುವಾಗ ಅವನು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಎರಡೂ ಕೈ ಚಾಚಿಕೊಂಡು ಹಿಮ್ಮುಖವಾಗಿ ಇಳಿದ.

"ಅಡ್ಡ ಬಿಡೋ! ಕೋಲು ಬೀಳಿಸದೆ ಇದ್ರೂ ನೀನೇ ಬೀಳಿಸ್ತೀಯ!"

ಕೆಳಗೆ ಬಂದರು. ಅವಸರಣ್ಣ ಕುಕ್ಕರುಗಾಲಲ್ಲಿ ಕೂತು ಜೋಡಿಗೆ ಕಣ್ಣು ತಾಗಿಸಿ ನೋಡಿದ. ಗೆರೆ ನೆಟ್ಟಗಿತ್ತು. ಬೆರಳಿನಿಂದ ಸವರಿದ, ನೆಟ್ಟಗೇ ಇತ್ತು. ಎದ್ದು ನಿಂತ, ಮೆಟ್ಟಿಲ ಮೇಲೆ ಕಣ್ಣು ಹಾಯಿಸಿದ, ಅದರ ಬೋಳು ಪಕ್ಕವನ್ನು ನೋಡಿದ. ಸಮಾಧಾನವಾಗಲಿಲ್ಲ.

"ಇನ್ನೊಂದು ಸಲ ಹತ್ತಿ ಇಳೀತೀರಾ?"

"ನಾನೇನು ನಿನ್ನ ಲೇಥಾ?"

"ಒಂದೇ ಸಲ ಅಮ್ಮ."

ಅಜ್ಜಿ ಅವನ ಹಿರೀಕರನ್ನೆಲ್ಲ ನೆನೆಯುತ್ತ ತಿರುಗಿ ಮೆಟ್ಟಿಲ ಮೇಲೆ ರಬ್ಬರು ಊರಿದಳು. ಅವನು ಗೆರೆಯ ಮೇಲಿನ ಕಣ್ಣು ತೆಗೆಯದೆ ಅವಳ ಹಿಂದೆಯೇ ಹತ್ತಿದ.